ಹಟ್ಟಿ ಸೀಮೆಯ ನೀರು, ಮೈಮೇಲಿನ ಚುಕ್ಕೆ

ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನಡುವಿನ ರಾಯಚೂರು ದೋಆಬಿಗಾಗಿ ಬಹಮನಿಯವರೂ ವಿಜಯನಗರದವರೂ ತಲೆತಲಾಂತರ ಹೊಡೆದಾಡಿದರು. ನಕ್ಷೆ ನೋಡಿದವರು ಇದನ್ನು ನೀರಿನ ನಾಡು ಎಂದುಕೊಂಡರೆ ಅವರದೇನೂ ತಪ್ಪಿಲ್ಲ. ಮಸ್ಕಿಯಲ್ಲೋ ಲಿಂಗಸುಗೂರಿನಲ್ಲೋ ಒಂದು ಬೇಸಿಗೆ ಕಳೆದವರಿಗೆ ಮಾತ್ರ ಸಂಗತಿ ಗೊತ್ತು: ಎರಡೂ ಹೊಳೆ ಅಂಚು ಹಿಡಿದು ಹೋಗುತ್ತವೆ, ಒಳಗಿನ ಊರಿನ ಪಾಲಿಗೆ ಉಳಿಯುತ್ತಿದ್ದದ್ದು ಹಳ್ಳದ ಒರತೆ, ಮಳೆ ಬಂದರೆ ತುಂಬುವ ಕೆರೆ, ಮೆಟ್ಟಿಲು ಬಾವಿ. ಸಿಂಧನೂರಿನ ಕಡೆಗೆ ತುಂಗಭದ್ರಾ ಎಡದಂಡೆ ಕಾಲುವೆ ಬಂದದ್ದು ಅಣೆಕಟ್ಟು ಮುಗಿದ 1953ರ ನಂತರ. ಅದಕ್ಕೂ ಮುಂಚೆ ಮೂರೂ ಊರಿನ ಕಷ್ಟ ಒಂದೇ. ಈ ಸೀಮೆಯ ಚರ್ಮರೋಗಗಳ ಚರಿತ್ರೆ ಬರೆಯಹೊರಟರೆ ಬಾವಿಯಿಂದಲೇ ಶುರು ಮಾಡಬೇಕು.

ಮೆಟ್ಟಿಲು ಬಾವಿಗೆ ಜನ ಇಳಿದು ನೀರು ತುಂಬುತ್ತಾರೆ. ಕೊನೆಯ ಮೆಟ್ಟಿಲು ನೀರೊಳಗೇ ಇರುತ್ತದೆ. ಕಾಲು ಮುಳುಗಿಸದೆ ಕೊಡ ಮುಳುಗುವುದಿಲ್ಲ. ನಾರುಹುಣ್ಣಿಗೆ ಬೇಕಾದದ್ದು ಅಷ್ಟೇ. ಮೀನಖಂಡದ ಮೇಲೋ ಪಾದದ ಮೇಲೋ ಒಂದು ಬೊಬ್ಬೆ ಏಳುತ್ತದೆ, ಬೆಂಕಿಯಿಟ್ಟಂತೆ ಉರಿಯುತ್ತದೆ, ನೀರಿಗೆ ಕಾಲಿಟ್ಟರೆ ಹಾಯೆನಿಸುತ್ತದೆ. ಆ ಹಾಯ್ ಎನ್ನುವ ಹೊತ್ತಿಗೆ ಒಳಗಿನ ಹೆಣ್ಣು ಹುಳು ಲಕ್ಷಗಟ್ಟಲೆ ಮರಿಗಳನ್ನು ಬಾವಿಗೆ ಬಿಟ್ಟಾಗಿರುತ್ತದೆ. ಸೈಕ್ಲಾಪ್ಸ್ ಎಂಬ ಕಣ್ಣಿಗೆ ಕಂಡೂ ಕಾಣದ ನೀರಿನ ಜೀವಿ ಆ ಮರಿಗಳನ್ನು ನುಂಗುತ್ತದೆ, ಮನುಷ್ಯ ಸೈಕ್ಲಾಪ್ಸನ್ನು ಕುಡಿಯುತ್ತಾನೆ. ವರ್ಷ ತುಂಬುವ ಹೊತ್ತಿಗೆ ಎರಡು ಮೊಳದ ಹುಳು ಚರ್ಮ ಸೀಳಿ ಮೂತಿ ತೋರಿಸುತ್ತದೆ. ಬೇಸಿಗೆಯಲ್ಲಿ, ನೀರು ತಳ ಸೇರಿದಾಗ, ಹೊಲ ಹದ ಮಾಡಬೇಕಾದ ದಿನಗಳಲ್ಲೇ ಅದರ ಕಾಟ ಹೆಚ್ಚು. ಇದಕ್ಕೆ ಮದ್ದಿಲ್ಲ, ಇಂದಿಗೂ ಇಲ್ಲ. ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಅಂಗುಲದಂತೆ ಎಳೆಯುವುದು, ವಾರಗಟ್ಟಲೆ. ಅವಸರ ಮಾಡಿ ಹುಳು ತುಂಡಾದರೆ ಕಾಲು ಬಾತು ಕೀವಾಗಿ, ಆ ವರ್ಷದ ದುಡಿಮೆಯೇ ಹೋಯಿತು.

ನಾರುಹುಣ್ಣನ್ನು ಗುರುತಿಸಲು ಯಾರೂ ವೈದ್ಯರ ಬಳಿ ಹೋಗಬೇಕಾಗಿರಲಿಲ್ಲ. ಅಜ್ಜಿಯೊಬ್ಬಳು ದೂರದಿಂದ ನೋಡಿ ಹೇಳುತ್ತಿದ್ದಳು. ಮುಂದೆ ಬರುವ ರೋಗಗಳ ಮಟ್ಟಿಗೆ ಈ ಅನುಕೂಲ ಇರಲಿಲ್ಲ.

1983 ಈ ಸೀಮೆಯ ಮೈಗೂ ನೀರಿಗೂ ತಿರುವಿನ ವರ್ಷ. ಆ ವರ್ಷ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದು ಗ್ರಾಮೀಣಾಭಿವೃದ್ಧಿ ಖಾತೆ ಅಬ್ದುಲ್ ನಜೀರ್ ಸಾಬರ ಕೈಗೆ ಬಂತು. ಬರಗಾಲದ ಊರುಗಳಿಗೆ ಅವರು ಕೊರೆಸಿದ ಬೋರ್‌ವೆಲ್‌ಗಳಿಂದಾಗಿ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. 1988ರಲ್ಲಿ ತೀರಿಕೊಳ್ಳುವವರೆಗೆ, ತೀರಿಕೊಂಡ ಮೇಲೂ, ಆ ಹೆಸರು ಉಳಿಯಿತು. ಅದೇ 1983–84ರಲ್ಲಿ ಕೇಂದ್ರ ಸರ್ಕಾರ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. ರೋಗವಿದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರಾಯಚೂರಿನಂಥ ಒಣ ಜಿಲ್ಲೆಗಳೇ ಅದರ ನೆಲೆ. ಮೆಟ್ಟಿಲು ಬಾವಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡುವುದು, ನೀರಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಹಾಕುವುದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಊರಿಗೊಂದು ಕೈಪಂಪು ಹಾಕಿಸುವುದು. ದೇಶದ ಕಡೆಯ ರೋಗಿ ರಾಜಸ್ಥಾನದಲ್ಲಿ ಕಂಡದ್ದು 1996ರಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಲಸಿಕೆಯಿಲ್ಲ, ಗುಳಿಗೆಯಿಲ್ಲ, ನೀರು ಬದಲಾಯಿತು, ರೋಗ ಹೋಯಿತು. ಸಾರ್ವಜನಿಕ ಆರೋಗ್ಯದಲ್ಲಿ ಇಷ್ಟು ಅಪ್ಪಟ ಗೆಲುವು ಅಪರೂಪ, ಅದನ್ನು ನಾವು ಇಷ್ಟು ಬೇಗ ಮರೆತದ್ದು ಸರಿಯಲ್ಲ.

ಅದೇ 1983ರಲ್ಲಿ ಇನ್ನೊಂದು ಕೆಲಸವೂ ಶುರುವಾಯಿತು. 1955ರಿಂದ ಇದ್ದ ಕುಷ್ಠರೋಗ ನಿಯಂತ್ರಣ ಕಾರ್ಯಕ್ರಮ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮವಾಯಿತು. ರಾಯಚೂರು 1948ರವರೆಗೆ ನಿಜಾಮರ ಸೀಮೆ. ಆ ಸಂಸ್ಥಾನದ ಹೆಸರಾಂತ ಕುಷ್ಠ ಆಸ್ಪತ್ರೆ ಇದ್ದದ್ದು ನಿಜಾಮಾಬಾದ್ ಬಳಿಯ ಡಿಚಪಲ್ಲಿಯಲ್ಲಿ, ಇಸಬೆಲ್ ಕೆರ್ ಎಂಬ ಮಿಷನರಿ ವೈದ್ಯೆ ಕಟ್ಟಿದ್ದು. ದೋಆಬಿನ ಹಳ್ಳಿಯಿಂದ ಅಲ್ಲಿಗೆ ಹೋಗುವುದೆಂದರೆ ಊರು ಬಿಟ್ಟಂತೆಯೇ. ಎಂಬತ್ತರ ದಶಕದಲ್ಲಿ ಆಸ್ಪತ್ರೆಯೇ ಮನೆಗೆ ಬಂತು: ಸೈಕಲ್ ಮೇಲೆ ಬರುವ ಕುಷ್ಠ ಕಾರ್ಯಕರ್ತ, ಅವನ ಚೀಲದಲ್ಲಿ ರಿಜಿಸ್ಟರು, ಒಂದು ಬಾಲ್‌ಪೆನ್ನು.

ಕಪ್ಪು ಮೈಯ ವೈದ್ಯಕೀಯ ಏನೆಂದು ತಿಳಿಯಬೇಕಾದರೆ ಆ ಕಾರ್ಯಕರ್ತ ಮಾಡುತ್ತಿದ್ದುದನ್ನು ಹತ್ತಿರದಿಂದ ನೋಡಬೇಕು. ಮನೆಯೊಳಗಿನ ಮಬ್ಬಿನಲ್ಲಿ ಮಚ್ಚೆ ಕಾಣುವುದಿಲ್ಲ; ಅಂಗಿ ತೆಗೆಸಿ ಅಂಗಳಕ್ಕೆ ಕರೆದು ಬಿಸಿಲಿಗೆ ಬೆನ್ನು ತಿರುಗಿಸಿ ನಿಲ್ಲಿಸಬೇಕು. ಬಿಳಿ ಮೈಯ ಪುಸ್ತಕದಲ್ಲಿ ಕುಷ್ಠದ ಮಚ್ಚೆ ಕೆಂಪು. ನಮ್ಮ ಮೈಯಲ್ಲಿ ಅದು ಸುತ್ತಲಿನ ಬಣ್ಣಕ್ಕಿಂತ ತುಸು ಮಾಸಿದ್ದು, ಕೆಲವೊಮ್ಮೆ ತಾಮ್ರದ ಛಾಯೆ. ತೊನ್ನಿನ ಹಾಗೆ ಪೂರಾ ಬಿಳಿಯಾಗುವುದಿಲ್ಲ. ಮಕ್ಕಳ ಕೆನ್ನೆಯ ಮೇಲಿನ ಮಾಸಲು ಕಲೆಗೂ ಇದಕ್ಕೂ ಕಣ್ಣಿಗೆ ಅಂತರವೇ ಇಲ್ಲ. ಆದ್ದರಿಂದ ಕಣ್ಣು ಮುಚ್ಚಿಸಿ ಪೆನ್ನಿನ ತುದಿಯಿಂದ ಮುಟ್ಟಿ, ಎಲ್ಲಿ ಮುಟ್ಟಿದೆ ಬೆರಳಿಟ್ಟು ತೋರಿಸು ಎನ್ನುವುದು. ಮಚ್ಚೆಯ ಒಳಗೆ ಮುಟ್ಟಿದ್ದು ತಿಳಿಯದಿದ್ದರೆ ರೋಗ ಖಚಿತ. ಲಕ್ಷಾಂತರ ಜನರ ಬೆನ್ನು ನೋಡಿ ನೋಡಿ ಕಲಿತ ಈ ವಿದ್ಯೆಗೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡಲಿಲ್ಲ.

ಮದ್ದಿನಲ್ಲೂ ಬಣ್ಣದ ತಂಟೆ ಇತ್ತು. ಬಹು ಔಷಧ ಚಿಕಿತ್ಸೆಯ ಮೂರು ಗುಳಿಗೆಗಳಲ್ಲಿ ಕ್ಲೋಫಾಜಿಮಿನ್ ಒಂದು. ಅದು ಚರ್ಮದಲ್ಲಿ ಕೂತು ಮೈಯನ್ನು, ಅದರಲ್ಲೂ ಮಚ್ಚೆಗಳಿದ್ದ ಜಾಗವನ್ನು, ಕಂದುಗಪ್ಪು ಮಾಡುತ್ತದೆ. ಗುಳಿಗೆ ನಿಲ್ಲಿಸಿದರೂ ಬಣ್ಣ ಇಳಿಯಲು ತಿಂಗಳುಗಳೇ ಬೇಕು. ಊರಿಗೆ ಗೊತ್ತಾಗದಿರಲಿ ಎಂದು ಮುಚ್ಚಿಟ್ಟ ರೋಗವನ್ನು ಗುಳಿಗೆಯೇ ಮುಖದ ಮೇಲೆ ಬರೆದುಬಿಡುತ್ತಿತ್ತು. ಅರ್ಧಕ್ಕೇ ಬಿಟ್ಟವರನ್ನು ಬೈದು ಪ್ರಯೋಜನವಿರಲಿಲ್ಲ.

ಹೊರಗಿನ ಜಗತ್ತು ಆಗ ಎಲ್ಲಿತ್ತು? ಹಾರ್ವರ್ಡಿನ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ 1975ರಲ್ಲಿ ಚರ್ಮವನ್ನು ವರ್ಗ ಮಾಡಿದಾಗ ಇದ್ದದ್ದು ನಾಲ್ಕೇ ವರ್ಗ, ನಾಲ್ಕೂ ಬಿಳಿಯರವು. ಕಂದು ಮತ್ತು ಕಪ್ಪಿಗೆ ಐದು, ಆರು ಎಂಬ ಸಂಖ್ಯೆ ಸೇರಿದ್ದು ಆಮೇಲೆ. ಜಗತ್ತಿನ ಬಹುಪಾಲು ಜನ ಅನುಬಂಧದಲ್ಲಿ ಬಂದರು. 2020ರಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ಸ್ ಕಾಲೇಜಿನ ವಿದ್ಯಾರ್ಥಿ ಮಲೋನ್ ಮುಕ್ವೆಂಡೆ, ಕಪ್ಪು ಮೈಯಲ್ಲಿ ರೋಗಲಕ್ಷಣ ಹೇಗೆ ಕಾಣುತ್ತದೆಂದು ತೋರಿಸುವ ಕೈಪಿಡಿ ತಂದಾಗ ಅದು ಸುದ್ದಿಯಾಯಿತು. ಒಳ್ಳೆಯ ಕೆಲಸವೇ. ನಮ್ಮ ಕುಷ್ಠ ಕಾರ್ಯಕರ್ತರು ಕೇಳಿದ್ದರೆ ನಕ್ಕಿರುತ್ತಿದ್ದರು, ಅಷ್ಟೆ.

ಈಗ ನೆಲದಡಿಯ ಕಥೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಬಂಗಾರದ ಸುಳಿವು ಹುಡುಕುತ್ತ ಮಸ್ಕಿಯ ಗುಡ್ಡ ಅಲೆಯುವಾಗ ಬಂಡೆಯ ಮೇಲೆ ಅಕ್ಷರ ಕಂಡ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಅದು. ಶಾಲೆಯ ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಬೀಡನ್ ಹುಡುಕುತ್ತಿದ್ದ ಬಂಗಾರದ ಬಗ್ಗೆ ಯಾರೂ ಕೇಳುವುದಿಲ್ಲ. ಮೌರ್ಯರ ದಕ್ಷಿಣದ ರಾಜಧಾನಿಗೆ ಸುವರ್ಣಗಿರಿ ಎಂಬ ಹೆಸರಿತ್ತು. ಅದು ಮಸ್ಕಿಯೇ, ಕನಕಗಿರಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಸ್ಕಿಯಿಂದ ಹಟ್ಟಿಯವರೆಗೆ ಕೊಕ್ಕೆಯಾಕಾರದಲ್ಲಿ ಹಬ್ಬಿದ ಹಸಿರುಶಿಲೆಯ ಪಟ್ಟಿಯಲ್ಲಿ ಹಳೆಯ ಗುಂಡಿಗಳಿಗೆ ಲೆಕ್ಕವಿಲ್ಲ. ಹಟ್ಟಿಯಲ್ಲಿ ಪುರಾತನರು 640 ಅಡಿ ಆಳಕ್ಕೆ ಇಳಿದಿದ್ದರು. ಅಲ್ಲಿ ಸಿಕ್ಕ ಆಧಾರದ ತೊಲೆಗಳ ಕಾಲ ಸುಮಾರು ಎರಡು ಸಾವಿರ ವರ್ಷ ಹಿಂದಿನದು. ಪಂಪಿಲ್ಲ, ಮದ್ದುಗುಂಡಿಲ್ಲ, ಬೆಂಕಿ ಹಚ್ಚಿ ಬಂಡೆ ಕಾಯಿಸಿ ನೀರೆರಚಿ ಸೀಳಿದ್ದು. ನಿಜಾಮರ ಕಾಲದಲ್ಲಿ ಬ್ರಿಟಿಷ್ ಕಂಪನಿಗಳು ಬಂದು ಹೋದವು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹುಟ್ಟಿತು, 1956ರ ಏಕೀಕರಣದ ಹೊತ್ತಿಗೆ ಅದು ಹಟ್ಟಿ ಚಿನ್ನದ ಗಣಿ ಎಂದಾಯಿತು.

ಇಲ್ಲಿನ ಬಂಗಾರ ಒಂಟಿಯಾಗಿ ಸಿಗುವುದಿಲ್ಲ. ಅದರ ಅದಿರಿನ ಜೊತೆಗೆ ಆರ್ಸೆನೋಪೈರೈಟ್ ಎಂಬ ಖನಿಜವಿದೆ: ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿದ್ದು. ಬಂಡೆಯೊಳಗೆ ಗಾಳಿ ತಾಕದೆ ಇರುವಷ್ಟು ಕಾಲ ಅದು ಯಾರ ತಂಟೆಗೂ ಬರುವುದಿಲ್ಲ. ಕುಟ್ಟಿ ಪುಡಿಮಾಡಿ ಬಂಗಾರ ತೆಗೆದ ಮೇಲೆ ಉಳಿದ ಮಣ್ಣು ಹೊರಗೆ ಗುಡ್ಡೆಯಾಗಿ ಬಿದ್ದರೆ, ಇಲ್ಲವೇ ನೀರಿನ ಮಟ್ಟ ಏರಿ ಇಳಿದು ಬಂಡೆಯ ಬಿರುಕಿಗೆ ಗಾಳಿ ಹೊಕ್ಕರೆ, ಅದು ತುಕ್ಕು ಹಿಡಿದು ಆರ್ಸೆನಿಕ್ಕನ್ನು ನೀರಿಗೆ ಬಿಡುತ್ತದೆ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ವ್ಯತ್ಯಾಸವಿಲ್ಲ. ಕಾಯಿಸಿದರೆ ಹೋಗುವುದಿಲ್ಲ, ನೀರು ಇಂಗಿದಷ್ಟೂ ಗಟ್ಟಿಯಾಗುತ್ತದೆ. ನಾರುಹುಣ್ಣಿನಿಂದ ಊರನ್ನು ಬಿಡಿಸಿದ ಬೋರ್‌ವೆಲ್ ಇಂಥ ಬಂಡೆಗೂ ಇಳಿಯಿತು. ಯಾರೂ ಕೆಟ್ಟದ್ದು ಬಯಸಿ ಮಾಡಿದ್ದಲ್ಲ. ಆಗ ನೀರಿನಲ್ಲಿ ಹುಡುಕುತ್ತಿದ್ದದ್ದು ಕಾಲರಾ, ಉಪ್ಪು, ಹೆಚ್ಚೆಂದರೆ ಫ್ಲೋರೈಡ್.

ಆರ್ಸೆನಿಕ್ ಮೈಮೇಲೆ ಹೇಗೆ ಕಾಣುತ್ತದೆಂದು ನಮ್ಮ ಮೈಬಣ್ಣದಲ್ಲಿ ವಿವರವಾಗಿ ಓದಿದ್ದು ಬಂಗಾಳ. ಮತ್ತೆ ಅದೇ ವರ್ಷ: 1983ರ ಜುಲೈನಲ್ಲಿ ಕಲ್ಕತ್ತೆಯ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಚರ್ಮವೈದ್ಯ ಕೆ.ಸಿ. ಸಾಹಾ ಅವರ ಮುಂದೆ ಹಳ್ಳಿಯ ರೋಗಿ ಬಂದ. ಎದೆ, ಬೆನ್ನಿನ ತುಂಬ ಚುಕ್ಕೆ. ಅಂಗೈ, ಅಂಗಾಲು ಗಡಸು. ಯುರೋಪಿನವರಿಗೆ ಆರ್ಸೆನಿಕ್ ಹೊಸದೇನಲ್ಲ. ಸೋರಿಯಾಸಿಸ್‌ಗೆಂದು ಹತ್ತೊಂಬತ್ತನೆಯ ಶತಮಾನದಲ್ಲೇ ಫೌಲರ್ ಎಂಬ ಆರ್ಸೆನಿಕ್ ದ್ರಾವಣ ಕುಡಿಸಿ, ಅದರಿಂದ ಬಂದ ಗಂಟು, ಹುಣ್ಣುಗಳನ್ನು ಅವರು ಬರೆದಿಟ್ಟಿದ್ದರು. ತೈವಾನಿನಲ್ಲಿ ತ್ಸೆಂಗ್ ಮತ್ತು ಸಂಗಡಿಗರು 40,421 ಜನರ ಚರ್ಮ ಪರೀಕ್ಷಿಸಿ 1968ರಲ್ಲಿ ಬಾವಿನೀರಿನ ಆರ್ಸೆನಿಕ್ಕಿಗೂ ಚರ್ಮದ ಕ್ಯಾನ್ಸರಿಗೂ ನಂಟು ತೋರಿಸಿದ್ದರು. ಸಾಹಾ ಮಾಡಿದ್ದು ಬೇರೆ ಬಗೆಯ ಕೆಲಸ. ಮೊದಲೇ ಕಂದಾದ ಮೈಯಲ್ಲಿ ಇನ್ನಷ್ಟು ಕಪ್ಪಾಗುವುದನ್ನು ಹೇಗೆ ಹಿಡಿಯುವುದು? ಹೊಲದಲ್ಲಿ ದುಡಿದ ಮೈ ಬಿಸಿಲಿಗೂ ಕಪ್ಪಾಗುತ್ತದೆ. ಆದರೆ ಬಿಸಿಲು ಮುಖ, ತೋಳನ್ನು ಸುಡುತ್ತದೆ, ಆರ್ಸೆನಿಕ್ಕಿನ ಚುಕ್ಕೆ ಅಂಗಿಯೊಳಗಿನ ಎದೆಯಲ್ಲಿ, ಬೆನ್ನಿನಲ್ಲಿ ಮೂಡುತ್ತದೆ. ಕಪ್ಪು ಚುಕ್ಕೆಗಳ ನಡುವೆ ಬಣ್ಣ ಕಳೆದ ಬಿಳಿ ಚುಕ್ಕೆಗಳೂ ಬೆರೆತು ನಿಲ್ಲುತ್ತವೆ. ವೈದ್ಯ ಪುಸ್ತಕಗಳು ಇದಕ್ಕೆ ಕೊಡುವ ಹೋಲಿಕೆ ಧೂಳಿನ ದಾರಿಯ ಮೇಲೆ ಬಿದ್ದ ಮಳೆಹನಿ. ಸಾಹಾ ಈ ಮೆಟ್ಟಿಲುಗಳನ್ನು ಒಂದೊಂದಾಗಿ ವಿಂಗಡಿಸಿದರು: ಮೊದಲು ಮೈಬಣ್ಣ ಗಾಢವಾಗುವುದು, ಬಳಿಕ ಚುಕ್ಕೆ, ಆಮೇಲೆ ಅಂಗೈಯ ಗಡಸು, ಕಡೆಗೆ ಕ್ಯಾನ್ಸರ್. ಬಂಗಾಳದಲ್ಲೂ ಎಷ್ಟೋ ರೋಗಿಗಳನ್ನು ಕುಷ್ಠವೆಂದು ದೂರವಿಟ್ಟದ್ದು ದಾಖಲಾಗಿದೆ. ಬಿಳಿ ಚುಕ್ಕೆ ಕಂಡ ಊರಿನವರು ಮತ್ತೇನೆಂದಾರು?

ಇಲ್ಲೊಂದು ಮಾತು ಹೇಳಲೇಬೇಕು. ಸಿಂಧನೂರು ತಾಲೂಕಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳದಿಂದ ನೆಲೆ ತಪ್ಪಿ ಬಂದ ಕುಟುಂಬಗಳಿವೆ. ಅಲ್ಲಿ ಇಂದಿಗೂ ಬಂಗಾಳಿ ಮಾತು ಕೇಳಿಸುತ್ತದೆ, ಮೀನಿನ ಸಂತೆ ಸೇರುತ್ತದೆ. ಅವರು ಬಿಟ್ಟುಬಂದ ಡೆಲ್ಟಾದ ಕೊಳವೆಬಾವಿಗಳು ಮುಂದೆ ಜಗತ್ತಿನ ಅತಿ ದೊಡ್ಡ ಆರ್ಸೆನಿಕ್ ದುರಂತಕ್ಕೆ ಹೆಸರಾದವು. ಅವರಿಗೆ ಭೂಮಿ ಸಿಕ್ಕ ಈ ಜಿಲ್ಲೆಯ ಇನ್ನೊಂದು ತುದಿಯಲ್ಲೂ ಅದೇ ವಿಷ ಬಂಡೆಯೊಳಗಿತ್ತು. ಸಿಂಧನೂರಿನ ಕ್ಯಾಂಪುಗಳ ಪುಣ್ಯ, ಅವುಗಳ ಪಾಲಿಗೆ ಬಂದದ್ದು ಕಾಲುವೆ ನೀರು.

ಲಿಂಗಸುಗೂರಿನಿಂದ ಗುರುಗುಂಟಾ ದಾಟಿ ತಿಂಥಣಿ ಸೇತುವೆಯಲ್ಲಿ ಕೃಷ್ಣೆ ಹಾಯ್ದರೆ ಸುರಪುರ ತಾಲೂಕು. ಅಲ್ಲೊಂದು ಮಂಗಳೂರಿದೆ, ಕಡಲ ಮಂಗಳೂರಲ್ಲ, ಹಳೆಯ ಚಿನ್ನದ ಗಣಿಯ ಮಂಗಳೂರು. ಹಟ್ಟಿ–ಮಸ್ಕಿಯಂಥದೇ ಇನ್ನೊಂದು ಸಣ್ಣ ಹಸಿರುಶಿಲೆ ಪಟ್ಟಿ. ಅದರ ಮಗ್ಗುಲಲ್ಲಿ ಕಿರದಳ್ಳಿ ತಾಂಡಾ, ಲಂಬಾಣಿಗರ ಊರು. ಮೈಮೇಲೆ ಚುಕ್ಕೆ, ಒರಟಾದ ಅಂಗೈ, ವಾಸಿಯಾಗದ ಹುಣ್ಣು ಎಂದು ಅಲ್ಲಿನ ಜನ ಹೇಳುತ್ತಲೇ ಬಂದಿದ್ದರು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ, ವಿಜಯಪುರದ ಕುಸಾಲ್ ಕೆ. ದಾಸ್ ಮೊದಲಾದವರ ತಂಡ ಅಲ್ಲಿಗೆ ಹೋಗಿ ನೀರು, ಮಣ್ಣು, ಕೂದಲು, ಉಗುರು, ಚರ್ಮ ಎಲ್ಲವನ್ನೂ ಒಟ್ಟಿಗೇ ನೋಡಿತು. ವರದಿ ಪ್ರಕಟವಾದದ್ದು 2013ರಲ್ಲಿ.

59 ಕೊಳವೆಬಾವಿಗಳಲ್ಲಿ ನೂರಕ್ಕೆ 79ರ ನೀರು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯಾದ ಲೀಟರಿಗೆ 10 ಮೈಕ್ರೋಗ್ರಾಂ ದಾಟಿತ್ತು. ಒಂದರಲ್ಲಿ 303 ಇತ್ತು. ಮೇಲ್ಮಣ್ಣಿನ 12 ಮಾದರಿಗಳ ಪೈಕಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್. ಗಣಿಯ ತ್ಯಾಜ್ಯ ಮಣ್ಣನ್ನು ಹೊಲಕ್ಕೆ ಹಾಕಿದ್ದು ಕಾರಣವಿರಬಹುದೆಂದು ತಂಡ ಊಹಿಸಿತು. 171 ಜನರ ಕೂದಲು, ಉಗುರಿನಲ್ಲಿ ಒಂದೂ ಬಿಡದೆ ಆರ್ಸೆನಿಕ್ ಹೆಚ್ಚಿತ್ತು. ಮೈ ಪರೀಕ್ಷೆ ಮಾಡಿಸಿಕೊಂಡ 181 ಜನರಲ್ಲಿ ಶೇ. 58.6ರಷ್ಟು ಮಂದಿಗೆ ಆರ್ಸೆನಿಕ್ಕಿನ ಚರ್ಮಲಕ್ಷಣ. ನಾಲ್ವರ ಚರ್ಮದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗ ಮೂವರದು ಖಚಿತವಾಯಿತು. ಅಂದರೆ ಪರೀಕ್ಷಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮೈಗಳು ಹೇಳುತ್ತಿದ್ದ ವಿಷಯ ಕಾಗದಕ್ಕೆ ಬರಲು ಅಷ್ಟು ಕಾಲ ಹಿಡಿಯಿತು.

ತಡವಾದದ್ದೇಕೆ ಎಂಬುದಕ್ಕೆ ಒಂದು ಕಾರಣ ಅಂಗೈಯಲ್ಲೇ ಇದೆ. ಆರ್ಸೆನಿಕ್ಕಿನ ಗಡಸು ಮೊದಲಿಗೆ ರವೆಯಷ್ಟು ಸಣ್ಣ, ಎರಡು ಮಿಲಿಮೀಟರಿಗೂ ಕಡಿಮೆ. ಕಣ್ಣಿಗೆ ಕಾಣುವುದಕ್ಕಿಂತ ಬೆರಳಿಗೆ ಬೇಗ ತಿಳಿಯುತ್ತದೆ. ವೈದ್ಯರು ರೋಗಿಯ ಅಂಗೈ ಹಿಡಿದು ಹೆಬ್ಬೆರಳಿನಿಂದ ಸವರಬೇಕು, ಎರಡೂ ಅಂಗೈಯಲ್ಲಿ ಇದೆಯೇ ನೋಡಬೇಕು. ಗುದ್ದಲಿ, ಹಾರೆ ಹಿಡಿದ ಕೈಗೆ ಜಡ್ಡು ಬೇರೆ ಇರುತ್ತದೆ. ಆದರೆ ಜಡ್ಡು ಹಿಡಿಕೆ ಒತ್ತುವ ಕಡೆಗಷ್ಟೇ ಬರುತ್ತದೆ, ಇದು ಅಂಗೈಯ ಕುಳಿಯಲ್ಲೂ, ಅಂಗಾಲಿನ ನಡುವೆಯೂ ಬರುತ್ತದೆ. ಹೊರರೋಗಿ ವಿಭಾಗದ ಸರದಿಯಲ್ಲಿ ಮೇಜಿನಾಚೆಯಿಂದ ನೋಡಿ ಮುಲಾಮು ಬರೆದರೆ ಇದು ಸಿಗುವುದಿಲ್ಲ.

ಕ್ಯಾನ್ಸರಿನ ಮಾತೂ ಹಾಗೆಯೇ. ಕಪ್ಪು ಮೈಗೆ ಮೆಲನಿನ್ ರಕ್ಷಣೆ ಕೊಡುತ್ತದೆ. ಬಿಸಿಲಿನಿಂದಾಗುವ ಚರ್ಮದ ಕ್ಯಾನ್ಸರ್ ನಮ್ಮಲ್ಲಿ ಕಡಿಮೆ. ಆದ್ದರಿಂದಲೇ ವೈದ್ಯರೂ ಅದನ್ನು ನಿರೀಕ್ಷಿಸುವುದಿಲ್ಲ. ಆರ್ಸೆನಿಕ್ಕಿನ ಕ್ಯಾನ್ಸರಿಗೆ ಬಿಸಿಲಿನ ಹಂಗಿಲ್ಲ. ಸೊಂಟ, ಹೊಟ್ಟೆ, ಅಂಗಾಲಿನಂಥ ಮುಚ್ಚಿದ ಜಾಗದಲ್ಲಿ ಹುಳುಕಡ್ಡಿಯಂಥ ಹುರುಪೆಯ ಮಚ್ಚೆಯಾಗಿ ಅದು ಕೂತಿರುತ್ತದೆ. ಹುಳುಕಡ್ಡಿಯೆಂದು ವರ್ಷಗಟ್ಟಲೆ ಮುಲಾಮು ಹಚ್ಚಿದರೂ ಆಶ್ಚರ್ಯವಿಲ್ಲ.

ಮುಲಾಮಿನ ಮಾತು ಬಂತೆಂದರೆ ಅದು ಇನ್ನೊಂದೇ ಅಧ್ಯಾಯ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ದೇಶದ ತುಂಬ ಹುಳುಕಡ್ಡಿ ಹಠ ಹಿಡಿದಿದೆ. ಮದ್ದಿಗೆ ಬಗ್ಗದ ಹೊಸ ಶಿಲೀಂಧ್ರಕ್ಕೆ 2020ರಲ್ಲಿ ಇಂಡೋಟಿನಿಯೆ ಎಂದು ನಮ್ಮ ದೇಶದ ಹೆಸರನ್ನೇ ಇಟ್ಟರು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟಿರಾಯ್ಡ್ ಬೆರೆತ ಟ್ಯೂಬುಗಳು ಇದಕ್ಕೆ ಎಣ್ಣೆ ಸುರಿದವು. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳಿಗೆ ಚೀಟಿ ಕಡ್ಡಾಯವಾಯಿತು. ಸಿಂಧನೂರಿನ ಗದ್ದೆಯಲ್ಲಿ ದಿನವಿಡೀ ಕೆಸರಿನಲ್ಲಿ ನಿಂತು ನಾಟಿ ಹಾಕುವವರ ಕಾಲಬೆರಳ ಸಂದು, ಒದ್ದೆ ಸೀರೆಯ ನೆರಿಗೆ ಒತ್ತುವ ಸೊಂಟ, ಈ ಶಿಲೀಂಧ್ರಕ್ಕೆ ಬೇರೆ ಮನೆ ಬೇಕಿಲ್ಲ. ಆ ಟ್ಯೂಬು ಹಚ್ಚಿದ ಜಾಗದಲ್ಲಿ ತುರಿಕೆ ಎರಡು ದಿನ ನಿಲ್ಲುತ್ತದೆ, ಮೈ ಬಿಳಿಚುತ್ತದೆ, ರೋಗ ಒಳಗೊಳಗೇ ಹರಡುತ್ತದೆ. ಕಪ್ಪು ಮೈಯಲ್ಲಿ ಉರಿಯೂತದ ಕೆಂಪು ಮೊದಲೇ ಕಾಣುವುದಿಲ್ಲ. ಬಿಳಿಚಿದ್ದನ್ನೇ ಗುಣವೆಂದು ತಿಳಿಯುವವರೂ ಇದ್ದಾರೆ.

ಆರ್ಸೆನಿಕ್ಕಿಗೆ ಮಾಡಬೇಕಾದದ್ದು ನಾರುಹುಣ್ಣಿಗೆ ಮಾಡಿದ್ದನ್ನೇ: ನೀರು ಬದಲಿಸುವುದು. ಗಡಸಿಗೆ ಸ್ಯಾಲಿಸಿಲಿಕ್ ಆಮ್ಲದ ಮುಲಾಮು, ಯೂರಿಯಾ ಮುಲಾಮು ಸ್ವಲ್ಪ ಮೆತ್ತಗೆ ಮಾಡುತ್ತವೆ. ಒಳ್ಳೆಯ ನೀರು ಕುಡಿದರೆ ಚುಕ್ಕೆಗಳು ಎಷ್ಟೋ ತಿಳಿಯಾಗುತ್ತವೆ, ಅಂಗೈ ಅಷ್ಟು ಬೇಗ ಬಿಡುವುದಿಲ್ಲ. ಕ್ಯಾನ್ಸರಿನ ಭಯ ವರ್ಷಗಟ್ಟಲೆ ಹಿಂದೆ ಬರುವುದರಿಂದ ಒಮ್ಮೆ ಗುರುತಿಸಿದವರನ್ನು ಮತ್ತೆ ಮತ್ತೆ ನೋಡುತ್ತಿರಬೇಕು. 2007ರಲ್ಲಿ ರಾಯಚೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂದ ಮೇಲೆ ಚರ್ಮವೈದ್ಯರು ಜಿಲ್ಲೆಯೊಳಗೇ ಇದ್ದಾರೆ. ಕೇಂದ್ರ ಅಂತರ್ಜಲ ಮಂಡಳಿಯ ಆರ್ಸೆನಿಕ್ ಪಟ್ಟಿಯಲ್ಲಿ ರಾಯಚೂರು, ಯಾದಗಿರಿ ಎರಡೂ ಸೇರಿವೆ.

2016ರಿಂದ ಕುಷ್ಠ ಪತ್ತೆ ಆಂದೋಲನದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮೈ ನೋಡುತ್ತಾರೆ. ಮಾಸಿದ ಮಚ್ಚೆ ಇದ್ದರೆ ಬರೆದುಕೊಳ್ಳುತ್ತಾರೆ. 2019ರಲ್ಲಿ ಬಂದ ಜಲ ಜೀವನ ಮಿಷನ್ನಿನಲ್ಲಿ ಊರಿಗೆ ಐವರು ಹೆಂಗಸರಿಗೆ ನೀರು ಪರೀಕ್ಷಿಸುವ ತರಬೇತಿ ಉಂಟು. ಒಂದು ರಿಜಿಸ್ಟರು ಆರೋಗ್ಯ ಇಲಾಖೆಯದು, ಇನ್ನೊಂದು ಕುಡಿಯುವ ನೀರಿನ ಇಲಾಖೆಯದು. ಮಚ್ಚೆ ಹುಡುಕುವವರಿಗೆ ಎದೆಯ ಚುಕ್ಕೆ, ಅಂಗೈಯ ರವೆಯನ್ನೂ ನೋಡಲು ಕಲಿಸುವುದಕ್ಕೆ ಹೆಚ್ಚೆಂದರೆ ಅರ್ಧ ದಿನ ಸಾಕು ಎಂಬುದು ನನ್ನ ಅಂದಾಜು. ಹಟ್ಟಿ–ಮಸ್ಕಿ ಪಟ್ಟಿಯ ಊರುಗಳಲ್ಲಾದರೂ ಅದನ್ನು ಮಾಡಬಹುದು. ಕಿರದಳ್ಳಿ ತಾಂಡಾದಲ್ಲಿ ನೀರಿನ ಲೆಕ್ಕವನ್ನೂ ಮೈಯ ಲೆಕ್ಕವನ್ನೂ ಒಂದೇ ತಂಡ ಒಂದೇ ಕಾಗದದ ಮೇಲೆ ಬರೆದದ್ದರಿಂದಲೇ ಎರಡರ ನಂಟು ಹೊರಬಿತ್ತು.